ಡಿಸ್ಕೊ ತಾಳಕ್ಕೆ ಹತ್ತು ರಾಗ

ಮುಂಬೈ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರು 1982ರಲ್ಲಿ ಧ್ವನಿಮುದ್ರಿಸಿದ, 2010ರಲ್ಲಿ ಮರುಬಿಡುಗಡೆಯಾದ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಆಲ್ಬಮ್ಮನ್ನು ಶಿವಮೊಗ್ಗದ ಸಂಗೀತಾಸಕ್ತರು, ಅದರಲ್ಲೂ ಹೊಸಹಳ್ಳಿಯ ಗಮಕ ಕೇಳಿ ಬೆಳೆದವರು, ಅಗತ್ಯವಾಗಿ ಕೇಳಬೇಕು. ರೋಲ್ಯಾಂಡ್ ಕಂಪನಿಯ ಜೂಪಿಟರ್-8 ಸಿಂಥಸೈಜರ್, ಟಿಬಿ-303 ಬೇಸ್ ಯಂತ್ರ ಹಾಗೂ ಟಿಆರ್-808 ತಾಳಯಂತ್ರಗಳಿಂದ ಅವರು ಕಟ್ಟಿದ ಈ ನಾದವು, ಷಿಕಾಗೊದ ಆ್ಯಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತಕ್ಕೆ ನಾಂದಿ ಹಾಡಿದ 1987ರ ‘ಆ್ಯಸಿಡ್ ಟ್ರ್ಯಾಕ್ಸ್’ ಧ್ವನಿಮುದ್ರಿಕೆಗಿಂತ ಐದು ವರ್ಷ ಹಳೆಯದು ಎಂದರೆ ಕಿವಿ ಒಪ್ಪುವುದಿಲ್ಲ.

ಭೈರವ್ ರಾಗದಲ್ಲಿ ಬೇಸ್ ಯಂತ್ರವು ಸ್ವರದಿಂದ ಸ್ವರಕ್ಕೆ ಜಾರುವುದನ್ನು ಗಮನವಿಟ್ಟು ಕೇಳಿ. ಯಂತ್ರದಲ್ಲಿರುವ ಸ್ಲೈಡ್ ಸೌಲಭ್ಯವೇ ಅಲ್ಲಿ ಮೀಂಡಿನ, ಅಂದರೆ ಹಿಂದೂಸ್ತಾನಿ ಸಂಗೀತದಲ್ಲಿ ಸ್ವರಗಳ ನಡುವಿನ ಜಾರುವಿಕೆಯ, ಕೆಲಸ ಮಾಡುತ್ತದೆ. ಶುದ್ಧ ಮತ್ತು ತೀವ್ರ ಎಂಬ ಎರಡೂ ಮಧ್ಯಮ (‘ಮ’) ಸ್ವರಗಳು ಅಕ್ಕಪಕ್ಕ ಬರುವ ಲಲಿತ್ ರಾಗವು ಈ ಲೋಹದ ದನಿಯಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಕೇಳಿಸುತ್ತದೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ. ಆಗುಂಬೆಯ ಜಡಿಮಳೆಗೆ ಮೇಘ ಮಲ್ಹಾರವೂ ಚೆನ್ನಾಗಿ ಒಗ್ಗುತ್ತದೆ.

ತಾಳದ ನಡೆ ಮಾತ್ರ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ವಿಳಂಬಿತದ, ಅಂದರೆ ನಿಧಾನಗತಿಯ, ವಿಸ್ತಾರವನ್ನು ನಿರೀಕ್ಷಿಸುವವರಿಗೆ ಇದು ಅವಸರವೆನಿಸಬಹುದು. ಹತ್ತನ್ನೂ ಒಟ್ಟಿಗೆ ಕೇಳುವ ಬದಲು ಒಮ್ಮೆಗೆ ಎರಡು ಮೂರು ರಾಗಗಳನ್ನು ಕೇಳುವುದೇ ಸೂಕ್ತ. ಮೊಬೈಲಿನ ಸ್ಪೀಕರಿನಲ್ಲಿ ಬೇಸ್ ಅಡಗಿಹೋಗುವುದರಿಂದ ಒಳ್ಳೆಯ ಹೆಡ್‌ಫೋನ್ ಬಳಸಿರಿ.