ಸೆಪ್ಟಿಕ್ ಟ್ಯಾಂಕಿಗೆ ಮುನ್ನ ಮಣ್ಣಿನ ಪರೀಕ್ಷೆ: ಒಂದು ಸೇವೆಯ ವಿಮರ್ಶೆ

ಮನೆ ಕಟ್ಟುವವರು ಸೆಪ್ಟಿಕ್ ಟ್ಯಾಂಕಿನ ಗಾತ್ರವನ್ನು ವಿಚಾರಿಸುವಷ್ಟು ಆಸ್ಥೆಯಿಂದ, ಅದರಿಂದ ಹೊರಬೀಳುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಚಾರಿಸುವುದಿಲ್ಲ. ಟ್ಯಾಂಕಿನೊಳಗೆ ಗಟ್ಟಿ ಪದಾರ್ಥ ತಳಕ್ಕಿಳಿದು ಭಾಗಶಃ ಕೊಳೆಯುತ್ತದೆ. ರೋಗಾಣುಗಳು ಉಳಿದಿರುವ ನೀರನ್ನು ಶುದ್ಧಗೊಳಿಸುವ ಕೆಲಸ ಅದರಾಚೆಯ ಮಣ್ಣಿನದು. ಆ ಮಣ್ಣು ಈ ಕೆಲಸಕ್ಕೆ ಒದಗುತ್ತದೆಯೇ ಎಂದು ತಿಳಿಯಲು ನಮ್ಮ ನಿವೇಶನಕ್ಕೆ ಕರೆಸಿದ ಪರೀಕ್ಷಕರ ಸೇವೆಯನ್ನು ಕುರಿತು ಇಲ್ಲಿ ಬರೆದಿದ್ದೇನೆ.

ಅವರು ಮೊದಲು ನೀರು ಸುರಿಯಲಿಲ್ಲ, ಆಳವಾದ ಹೊಂಡ ತೋಡಿಸಿದರು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ. ಹೊಂಡದ ಗೋಡೆಯನ್ನು ಪದರ ಪದರವಾಗಿ ನೋಡುತ್ತ, ಒದ್ದೆ ಮಾಡಿದ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಎಳೆದು, ಅದು ಎಷ್ಟು ಉದ್ದಕ್ಕೆ ಬಂದು ಮುರಿಯುತ್ತದೆ ಎಂಬುದರಿಂದ ಜೇಡಿಯ ಪ್ರಮಾಣವನ್ನು ಅಂದಾಜಿಸಿದರು. ಕೆಳಗಿನ ಒಂದು ಪದರದಲ್ಲಿ ಬೂದು ಬಣ್ಣದ ಮಚ್ಚೆಗಳೂ ತುಕ್ಕು ಬಣ್ಣದ ಗೆರೆಗಳೂ ಕಂಡವು. ಹೊಂಡ ಪೂರ್ತಿ ಒಣಗಿದ್ದರೂ ವರ್ಷದ ಕೆಲಕಾಲ ಅಲ್ಲಿಯವರೆಗೆ ನೀರು ನಿಲ್ಲುತ್ತದೆ ಎನ್ನುವುದಕ್ಕೆ ಅವು ಸಾಕ್ಷಿ: ಗಾಳಿಯಾಡದ ಮಣ್ಣಿನಲ್ಲಿ ಕಬ್ಬಿಣದ ಅಂಶ ಕರಗಿ ಸರಿದುಹೋದಾಗ ಬೂದು ಬಣ್ಣ ಉಳಿಯುತ್ತದೆ. ಟ್ಯಾಂಕಿನಿಂದ ಹೊರಬಂದ ನೀರನ್ನು ಮಣ್ಣಿಗೆ ಇಂಗಿಸುವ ಇಂಗುಕಾಲುವೆಯ ತಳಕ್ಕೂ ಇಂಥ ಪದರಕ್ಕೂ ನಡುವೆ ನೀರು ನಿಲ್ಲದ ಮಣ್ಣು ಸಾಕಷ್ಟು ಇರಬೇಕು. ನಿಯಮಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾದರೂ 60ರಿಂದ 120 ಸೆಂ.ಮೀ. ಅಂತರವನ್ನು ಹಲವೆಡೆ ಕೇಳುತ್ತಾರೆ. ಬರಿಯ ನೀರಿಳಿತದ ಪರೀಕ್ಷೆ ಮಾಡಿ ಹೋಗಿದ್ದರೆ ಈ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ.

ನೀರಿಳಿತದ ಪರೀಕ್ಷೆ, ಅಂದರೆ ಪರ್ಕೊಲೇಷನ್ ಟೆಸ್ಟ್, 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹೆನ್ರಿ ರಯಾನ್ ಅವರು ರೂಪಿಸಿದ್ದು. ಇಂಗುಕಾಲುವೆ ಬರಲಿರುವ ಆಳಕ್ಕೇ ಕುಳಿಗಳನ್ನು ತೋಡಿ, ಹಾರೆ ತಾಗಿ ನುಣುಪಾದ ಗೋಡೆಗಳನ್ನು ಕೆರೆದು ಒರಟಾಗಿಸಿ, ತಳಕ್ಕೆ 5 ಸೆಂ.ಮೀ. ಸಣ್ಣ ಜಲ್ಲಿ ಹಾಕಿದರು. ಆಮೇಲೆ ರಾತ್ರಿಯಿಡೀ ನೀರು ನಿಲ್ಲಿಸಿ ಮಣ್ಣನ್ನು ನೆನೆಸಿದರು. ಅವಸರದವರು ಬಿಟ್ಟುಬಿಡುವ ಹಂತ ಇದು. ಆದರೆ ಜೇಡಿ ನೀರು ಕುಡಿದು ಉಬ್ಬುವವರೆಗೆ ಬಿರುಕುಗಳಲ್ಲಿ ನೀರು ಸರಸರ ಇಳಿದು, ಕೆಟ್ಟ ಮಣ್ಣೂ ಒಳ್ಳೆಯದೆಂದು ತೋರುತ್ತದೆ. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ, 30 ನಿಮಿಷಕ್ಕೊಮ್ಮೆ ಇಳಿತವನ್ನು ಅಳೆದು, ಇಳಿತ ಒಂದೇ ಸಮನಾದ ಮೇಲಷ್ಟೇ ಅಂಕಿಯನ್ನು ಬರೆದುಕೊಂಡರು.

ನೀರು 2.5 ಸೆಂ.ಮೀ. ಇಳಿಯಲು 60 ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಆ ಮಣ್ಣು ಸಾಮಾನ್ಯ ಇಂಗುಕಾಲುವೆಗೆ ಯೋಗ್ಯವಲ್ಲವೆಂದು ಹಲವು ನಿಯಮಾವಳಿಗಳು ಹೇಳುತ್ತವೆ. ಒಂದು ನಿಮಿಷಕ್ಕೂ ಮೊದಲೇ ಇಳಿದರೆ ಅದೂ ಅಪಾಯವೇ, ಏಕೆಂದರೆ ಮಲಿನ ನೀರು ಶುದ್ಧವಾಗುವ ಮೊದಲೇ ಅಂತರ್ಜಲವನ್ನು ಸೇರುತ್ತದೆ. ಬೇಗ ಇಂಗಿದಷ್ಟೂ ಒಳ್ಳೆಯದೆಂದು ನಂಬಿದವರಿಗೆ ಇದನ್ನು ಬಿಡಿಸಿ ಹೇಳುವ ತಾಳ್ಮೆ ಈ ಪರೀಕ್ಷಕರಿಗಿತ್ತು. ಶುಭ್ರ ನೀರು ಇಳಿದ ವೇಗದಲ್ಲಿ ಟ್ಯಾಂಕಿನ ನೀರು ಎಂದೂ ಇಳಿಯದು, ಕಾಲುವೆಯ ತಳದಲ್ಲಿ ಜೀವಾಣುಗಳ ಲೋಳೆಪದರ ಬೆಳೆದು ವೇಗ ತಗ್ಗುತ್ತದೆ ಎಂಬುದನ್ನೂ ಅವರೇ ಹೇಳಿ, ಕಾಲುವೆಯ ಉದ್ದವನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿದರು.

ಕೊರತೆಗಳೂ ಇದ್ದವು. ವರದಿಯ ನಕ್ಷೆಯಲ್ಲಿ ಕುಳಿಗಳ ಆಳವನ್ನು ನಮೂದಿಸಿರಲಿಲ್ಲ. ಆಳ ತಿಳಿಯದ ಅಂಕಿ ವಿನ್ಯಾಸಕ್ಕೆ ಉಪಯೋಗವಿಲ್ಲ. ಕೇಳಿದ ಮೇಲೆ ಸೇರಿಸಿಕೊಟ್ಟರು. ಮುಂದೆಂದಾದರೂ ಕಾಲುವೆ ಕಟ್ಟಿಕೊಂಡು ನೀರು ಇಂಗದಂತಾದರೆ ಬೇಕಾಗುವ ಬದಲಿ ಜಾಗವನ್ನು ಪರೀಕ್ಷಿಸುವುದು ಅವರ ಸೇವೆಯಲ್ಲಿ ಸೇರಿರಲಿಲ್ಲ. ಹೊಂಡ ತೋಡುವ ಯಂತ್ರ ಹೇಗೂ ಬಂದಿರುವಾಗ ಅದನ್ನೂ ಸೇರಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇವರು ಟ್ಯಾಂಕ್ ಕಟ್ಟುವ ಗುತ್ತಿಗೆ ಹಿಡಿಯುವವರಲ್ಲ, ಆದ್ದರಿಂದ ಬೇಡವೆನ್ನಬೇಕಾದಲ್ಲಿ ಬೇಡವೆನ್ನಲು ಅವರಿಗೆ ಅಡ್ಡಿಯಿರಲಿಲ್ಲ. ಹೊರಡುವ ಮೊದಲು ಆಯ್ದ ಜಾಗದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿಸಿದರು. ಕಟ್ಟಡದ ಕೆಲಸ ಮುಗಿಯುವವರೆಗೆ ಲಾರಿಯಾಗಲಿ, ಇಟ್ಟಿಗೆಯ ರಾಶಿಯಾಗಲಿ ಅದರೊಳಗೆ ಬರಕೂಡದು, ಭಾರ ಬಿದ್ದು ಮಣ್ಣು ಒತ್ತಿಕೊಂಡರೆ ಈಗಿನ ಅಳತೆ ಆ ನೆಲಕ್ಕೆ ಅನ್ವಯಿಸುವುದಿಲ್ಲ ಎಂದು ವರದಿಯ ಮೊದಲ ಪುಟದಲ್ಲೇ ಬರೆದುಕೊಟ್ಟರು.