ಐನ್ಯಾಚುರಲಿಸ್ಟ್: ಕಾಫಿ ತೋಟದಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ

ಫೋಟೋ ತೋರಿಸಿ ಗಿಡದ ಹೆಸರು ತಿಳಿದುಕೊಳ್ಳುವ ಆ್ಯಪ್ ಇದು. ಕಾಡುಗಿಡಕ್ಕೆ ಐದಕ್ಕೆ ಐದು ಸ್ಟಾರ್. ಹೂದೋಟದ ಗಿಡಕ್ಕೆ ಬೇರೆ ಆ್ಯಪ್ ನೋಡಿಕೊಳ್ಳಿ. ಅರ್ಜೆಂಟ್ ಇರುವವರು ಇಷ್ಟು ಓದಿ ಮುಂದೆ ಹೋಗಬಹುದು.

ನಮ್ಮದು ವಿರಾಜಪೇಟೆ ಕಡೆ ಸಣ್ಣ ತೋಟ. ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ತೋಡಿನ ಬದಿಯಲ್ಲಿ ಒಂದಿಷ್ಟು ಏಲಕ್ಕಿ. ಮನೆ ಮುಂದಿನ ಹೂದೋಟ ಅಮ್ಮನ ಇಲಾಖೆ, ಅಲ್ಲಿ ನಾವು ಕೈ ಹಾಕುವ ಹಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಲ್ಲೂ ಹೋಗುವ ಹಾಗಿರಲಿಲ್ಲ. ದಿನಾ ತೋಟ ಸುತ್ತುವಾಗ ಕಾಲಡಿ ಇರುವ ಅರ್ಧಕ್ಕರ್ಧ ಗಿಡದ ಹೆಸರು ಗೊತ್ತಿಲ್ಲ ಅನ್ನಿಸಿ ಈ ಆ್ಯಪ್ ಹಾಕಿಕೊಂಡೆ. ಅಲ್ಲಿಂದ ಬಿಟ್ಟಿಲ್ಲ.

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. ಇದು ಪೂರ್ತಿ ಉಚಿತ, ಜಾಹೀರಾತೂ ಇಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು. 2023ರಿಂದ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿದೆ.

ಇದರ ಜೊತೆಗೆ ದುಡ್ಡು ಕೊಡುವ ಆ್ಯಪ್ ಒಂದನ್ನೂ ಇಟ್ಟುಕೊಂಡಿದ್ದೆ. ಹೆಸರು ಬೇಡ. ತೆರೆದ ತಕ್ಷಣ ವರ್ಷದ ಚಂದಾ ಕೇಳುತ್ತದೆ. ಬೇಡ ಅನ್ನುವ ಬಟನ್ ಮೂಲೆಯಲ್ಲಿ ಇರುವೆಯಷ್ಟು. ಯಾವ ಗಿಡ ತೋರಿಸಿದರೂ ಅದಕ್ಕೆ ಅನುಮಾನವೇ ಇಲ್ಲ, ಒಂದೇ ಹೆಸರು, ಪಕ್ಕದಲ್ಲಿ ಹಸಿರು ಟಿಕ್. ಒಂದೇ ಗಿಡವನ್ನು ಬೆಳಗ್ಗೆ ಒಂದು ಹೆಸರಲ್ಲಿ, ಸಂಜೆ ಇನ್ನೊಂದು ಹೆಸರಲ್ಲಿ ಕರೆಯಿತು. ಎರಡು ಸಲವೂ ಟಿಕ್! ಇಂಥ ಆ್ಯಪ್ ನಿಮ್ಮ ಫೋನಿನಲ್ಲೂ ಇದ್ದರೆ ಒಂದು ಮಾತು: ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ವಿಭಾಗಕ್ಕೆ ಹೋಗಿ ಅಲ್ಲೇ ರದ್ದು ಮಾಡಬೇಕು.

ಐನ್ಯಾಚುರಲಿಸ್ಟ್ ನಡೆಯುವ ರೀತಿಯೇ ಬೇರೆ. ಫೋಟೋ ಹಾಕಿದರೆ ಮೊದಲು ಯಂತ್ರ ತನ್ನ ಊಹೆ ಹೇಳುತ್ತದೆ. ಅದು ಬರೀ ಆರಂಭ. ಆಮೇಲೆ ಆ ಫೋಟೋವನ್ನು ಗಿಡ ಗೊತ್ತಿರುವ ಜನ ನೋಡುತ್ತಾರೆ. ಯಾರೋ ಕೇರಳದಲ್ಲಿ ಕೂತು ನೋಡುತ್ತಾರೆ, ಯಾರೋ ಯುರೋಪಿನಲ್ಲಿ. ಕನಿಷ್ಠ ಇಬ್ಬರು ಒಂದೇ ಪ್ರಭೇದದ ಹೆಸರು ಹೇಳಿ, ಅಭಿಪ್ರಾಯ ಕೊಟ್ಟವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದರೆ ಅದಕ್ಕೆ 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ ಅನ್ನುವ ಪಟ್ಟ. ಒಪ್ಪದವರು ಯಾಕೆ ಒಪ್ಪಲ್ಲ ಅಂತ ಕೆಳಗೆ ಬರೆಯುತ್ತಾರೆ. ನನಗೆ ಜಾಸ್ತಿ ಕಲಿಸಿದ್ದು ಆ ಜಗಳಗಳೇ. ಎಲೆಯ ಬುಡ ನೋಡು, ತೊಟ್ಟಿನ ರೋಮ ನೋಡು, ಕಾಯಿ ಎಲ್ಲಿ, ಅಂತೆಲ್ಲ ಕೇಳುತ್ತಾರೆ. ಒಮ್ಮೆ ಕೇಳಿಸಿಕೊಂಡ ಮೇಲೆ ಮುಂದಿನ ಸಲ ನಾವೇ ನೋಡಿಕೊಂಡು ಬರುತ್ತೇವೆ.

ಯಂತ್ರದ ಊಹೆಯನ್ನು ಎಷ್ಟು ನಂಬಬೇಕು? ನನ್ನ ಲೆಕ್ಕ ಸುಲಭ: ಕುಲದವರೆಗೆ, ಅಂದರೆ ಹತ್ತಿರದ ನೆಂಟರ ಗುಂಪಿನವರೆಗೆ ನಂಬಿ; ಪ್ರಭೇದಕ್ಕೆ, ಅಂದರೆ ಆ ಗುಂಪಿನಲ್ಲಿ ಇದೇ ಗಿಡ ಅನ್ನುವುದಕ್ಕೆ ಮನುಷ್ಯರನ್ನು ಕಾಯಿರಿ. ಇದಕ್ಕೆ ಕಾರಣವಿದೆ. ಒಂದು ಗಿಡದ ಸುಮಾರು 100 ಫೋಟೋ ಸೇರಿದ ಮೇಲಷ್ಟೇ ಯಂತ್ರಕ್ಕೆ ಆ ಗಿಡವನ್ನು ಕಲಿಸುತ್ತಾರೆ. ಲಂಟಾನದಂಥ ಕಳೆಗೆ ಫೋಟೋ ಬರವಿಲ್ಲ, ಪ್ರಪಂಚವೆಲ್ಲ ಅದೇ ತುಂಬಿದೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಇನ್ನೆಲ್ಲೂ ಬೆಳೆಯದ ಗಿಡಕ್ಕೆ ಅಷ್ಟು ಫೋಟೋ ಎಲ್ಲಿಂದ ಬರಬೇಕು? ಯಂತ್ರ ಕಲಿಯದ ಗಿಡ ಅದರ ಪಟ್ಟಿಯಲ್ಲೇ ಇರುವುದಿಲ್ಲ. ಆಗ ಹತ್ತಿರದ ನೆಂಟನ ಹೆಸರು ಬರುತ್ತದೆ, ಇಲ್ಲವೇ 'ಈ ಕುಲದ್ದಿರಬೇಕು' ಅಂತ ಹೇಳಿ ನಿಲ್ಲುತ್ತದೆ. ಹಾಗೆ ನಿಲ್ಲುವುದು ನನಗೆ ಇಷ್ಟ. ಕುರಿಂಜಿ ಜಾತಿಯ ಪೊದೆಗಳನ್ನೇ ನೋಡಿ. 2021ರಲ್ಲಿ ಮಾಂದಲ್‌ಪಟ್ಟಿ, ಕೋಟೆಬೆಟ್ಟದ ಗುಡ್ಡಗಳು ನೀಲಿಯಾದಾಗ ಎಲ್ಲರೂ ಹೋಗಿ ಫೋಟೋ ಹೊಡೆದುಕೊಂಡು ಬಂದರು. ಹೂ ಇಲ್ಲದ ವರ್ಷ ಅದೇ ಪೊದೆ ಬರೀ ಎಲೆ. ಈ ಕುಲದಲ್ಲಿ ನೂರಾರು ಪ್ರಭೇದಗಳಿವೆ, ಕೆಲವು ಹಲವು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತವೆ. ಬರೀ ಎಲೆ ನೋಡಿ 'ಸ್ಟ್ರೊಬಿಲ್ಯಾಂಥಸ್' ಅಂತ ಕುಲ ಹೇಳಿ ಸುಮ್ಮನಾದರೆ ಅದು ಪ್ರಾಮಾಣಿಕ ಉತ್ತರ.

ಈಗ ಫೋಟೋ ವಿಷಯಕ್ಕೆ ಬರೋಣ. ಹೊಸಬರು ಗಿಡದ ಎದುರು ನಿಂತು ಒಂದು ಫೋಟೋ ಹೊಡೆಯುತ್ತಾರೆ, ಎಲ್ಲ ಹಸಿರು ಮುದ್ದೆ. ಹೆಸರು ಬರಲ್ಲ ಅಂದರೆ ಯಾರ ತಪ್ಪು? ಒಂದೇ ದಾಖಲೆಗೆ ಹಲವು ಫೋಟೋ ಸೇರಿಸಬಹುದು, ಸೇರಿಸಿ. ಎಲೆಯ ಮೇಲ್ಭಾಗ, ಎಲೆಯ ಅಡಿ, ಎಲೆ ಕಾಂಡಕ್ಕೆ ಕೂಡುವ ಜಾಗ, ಹೂವನ್ನು ಎದುರಿನಿಂದ ಮತ್ತು ಪಕ್ಕದಿಂದ, ಕಾಯಿ, ತೊಗಟೆ, ಕೊನೆಗೆ ದೂರದಿಂದ ಇಡೀ ಗಿಡ.

ಏಲಕ್ಕಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೋಡಿನ ಬದಿಯಲ್ಲಿ ಶುಂಠಿ ಕುಟುಂಬದ ಕಾಡುಗಿಡಗಳು ಏಲಕ್ಕಿಯ ಪಕ್ಕದಲ್ಲೇ ಎದ್ದಿರುತ್ತವೆ. ಎಲೆ ಮಾತ್ರ ತೆಗೆದರೆ ಯಾವುದು ಏನು ಅಂತ ಫೋಟೋದಲ್ಲಿ ತಿಳಿಯುವುದು ಕಷ್ಟ. ಬಗ್ಗಿ ಬುಡದ ಒಣ ಎಲೆ ಸರಿಸಿ ನೋಡಿ. ಏಲಕ್ಕಿಯ ಹೂಗೊಂಚಲು ಬುಡದಿಂದಲೇ ಹೊರಡುತ್ತದೆ. ಆಲ್ಪಿನಿಯಾ ಕುಲದ ಗಿಡವಾದರೆ ಹೂ ಕಾಂಡದ ತುದಿಯಲ್ಲಿ. ಅಮೋಮಮ್ ಕುಲದ ಕಾಡು ಏಲಕ್ಕಿಗಳೂ ಬುಡದಲ್ಲೇ ಹೂ ಬಿಡುತ್ತವೆ, ಹಾಗಾಗಿ ಅಲ್ಲಿ ಹೂವಿನದೇ ಹತ್ತಿರದ ಫೋಟೋ ಬೇಕು. ಈ ಬುಡದ ಫೋಟೋ ಇಲ್ಲದಿದ್ದರೆ ಎಷ್ಟು ದೊಡ್ಡ ಪಂಡಿತರಾದರೂ 'ಶುಂಠಿ ಕುಟುಂಬ' ಅಂತ ಹೇಳಿ ಕೈ ಬಿಡುತ್ತಾರೆ.

ನಮ್ಮ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಮಾಡುವ ಪಣಪುಳಿ ಮರಕ್ಕೂ ಹೀಗೇ. ಅದು ಗಾರ್ಸಿನಿಯಾ ಗಮ್ಮಿಗುಟ್ಟಾ. ಕಾಯಿ ಇದ್ದಾಗ ಮಗುವೂ ಹೇಳುತ್ತದೆ, ಸಣ್ಣ ಕುಂಬಳದ ಹಾಗೆ ಉದ್ದಕ್ಕೂ ಗೀರು. ಕಾಯಿ ಇಲ್ಲದಾಗ ಅದೇ ಕುಲದ ಮುರುಗಲು ಮರದ ಜೊತೆ ಗೊಂದಲ ಆಗಬಹುದು. ಕಾಯಿಗಾಲದ ತನಕ ಕಾದು ಅದೇ ಮರದ ಫೋಟೋ ಮತ್ತೆ ಹಾಕುವುದೇ ದಾರಿ.

ತೋಟದವರಿಗೆ ನೇರ ಉಪಯೋಗ ಕಳೆ ಗುರುತಿಸುವುದರಲ್ಲಿದೆ. ಬೇಲಿ ಪಕ್ಕ ಹಳದಿ ಹೂವಿನ ಮರ ಎದ್ದರೆ ಕಕ್ಕೆ ಅಂದುಕೊಂಡು ಬಿಟ್ಟುಬಿಡುತ್ತೇವೆ ಅಲ್ವಾ? ಕಕ್ಕೆಯ ಹೂಗೊಂಚಲು ಕೆಳಗೆ ಜೋತುಬೀಳುತ್ತದೆ. ವಯನಾಡಿನ ಕಾಡನ್ನು ನುಂಗುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್‌ನ ಗೊಂಚಲು ಮೇಲಕ್ಕೆ ನಿಲ್ಲುತ್ತದೆ, ಕಡ್ಡಿಯಲ್ಲಿ ಕಿರುಎಲೆಗಳೂ ಜಾಸ್ತಿ. ಅಮೆರಿಕದ ಉಷ್ಣವಲಯದಿಂದ ಬಂದ ಮರ ಇದು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಹಾಗಾಗಿ ಸಸಿಯಲ್ಲೇ ಗುರುತಿಸಿ ಬೇರು ಸಮೇತ ಕೀಳುವುದು ಲಾಭ. ಕಾಫಿ ಗಿಡದ ಮೇಲೆ ಹಬ್ಬುವ ಮಿಕಾನಿಯಾ ಬಳ್ಳಿಗೂ ಇದೇ ಮಾತು.

ಆ್ಯಪ್‌ಗೆ ಇಲ್ಲದ ಒಂದು ಸಾಮರ್ಥ್ಯ ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನಿಗಿದೆ. ನಾನು ಫೋನ್ ಹಿಡಿದು ಒಂದು ಗಿಡದ ಕಡೆ ಬಗ್ಗುತ್ತಿದ್ದೆ. ಹಿಂದಿನಿಂದ ಕೂಗಿದರು.

"ಅಣ್ಣಾ, ಅದಕ್ಕೆ ಕೈ ತಾಗಿಸಬೇಡಿ. ಮೂರು ದಿನ ಉರಿಯುತ್ತೆ."

"ಹೆಸರೇನಕ್ಕಾ ಇದಕ್ಕೆ?"

"ಹೆಸರು ಕಟ್ಟಿಕೊಂಡು ಏನ್ ಮಾಡ್ತೀರಿ? ತುರಿಕೆ ಗಿಡ. ಮೊದಲು ಈಚೆ ಬನ್ನಿ."

ಆ್ಯಪ್ ಹೆಸರು ಹೇಳುವುದು ಫೋಟೋ ತೆಗೆದ ಮೇಲೆ. ಅಷ್ಟರಲ್ಲಿ ಮುಂಗೈ ಹೋಗಿರುತ್ತಿತ್ತು. ಇನ್ನೊಂದು ವಿಷಯ, ಯಂತ್ರಕ್ಕೆ ಮೂಗಿಲ್ಲ. ಎಲೆ ಉಜ್ಜಿದಾಗ ಬರುವ ವಾಸನೆ, ಕಡ್ಡಿ ಮುರಿದಾಗ ಒಸರುವ ಹಾಲಿನ ಬಣ್ಣ, ಇವನ್ನೆಲ್ಲ ಫೋಟೋ ಕೆಳಗಿನ ಟಿಪ್ಪಣಿಯಲ್ಲಿ ಬರೆಯಿರಿ. ಓದುವವರು ಓದುತ್ತಾರೆ.

ತಿನ್ನುವ ಸೊಪ್ಪಿನ ವಿಷಯದಲ್ಲಿ ನನ್ನದು ಕಡ್ಡಾಯ ನಿಯಮ: ಯಾವ ಆ್ಯಪ್‌ನ ಮಾತು ಕೇಳಿಯೂ ಬಾಯಿಗೆ ಹಾಕಬಾರದು. ಕೊಡವ ತಿಂಗಳು ಕಕ್ಕಡದ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ಆಗಲೇಬೇಕು. ಸೊಪ್ಪು ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅಡುಗೆಮನೆ ತುಂಬ ಅದರದೇ ಪರಿಮಳ. ಮರುದಿನ ಮೂತ್ರವೂ ಕೆಂಪು. ಆ ಗಿಡ ಜಸ್ಟಿಸಿಯಾ ವೈನಾಡೆನ್ಸಿಸ್. ಅದರ ಕುಟುಂಬದ ಬೇರೆ ಗಿಡಗಳಿಗೂ ಹೀಗೇ ಎದುರುಬದುರು ಎಲೆ, ಊದಿದ ಗೆಣ್ಣು. ಹೂ ಇಲ್ಲದ ಕಡ್ಡಿಯ ಫೋಟೋ ನೋಡಿ ಹೇಳುವುದು ಊಹೆಯೇ ಸೈ. ಅದಕ್ಕೆ ಅಜ್ಜಿ ನೆಟ್ಟ ಜಾಗದಿಂದಲೇ ಕೊಯ್ಯುತ್ತೇವೆ.

ಮರಗೆಸದ್ದೂ ಅದೇ ಕಥೆ. ಮಳೆಗಾಲದಲ್ಲಿ ಮರದ ಕವಲಲ್ಲಿ ಏಳುವ ರೆಮುಸಾಟಿಯಾ ಅದು. ಎಲೆ ಮಾತ್ರ ತೆಗೆದರೆ ಕೆಸುವಿನ ಯಾವ ನೆಂಟನೂ ಆಗಬಹುದು. ಕೊಕ್ಕೆ ಕೊಕ್ಕೆಯಾದ ಚಿಕ್ಕ ಗೆಡ್ಡೆಗಳ ಗೊಂಚಲು ಸಿಕ್ಕಿದರೆ ಫೋಟೋ ತೆಗೆಯಿರಿ, ಅದು ಗಟ್ಟಿ ಗುರುತು. ಈ ಕುಟುಂಬದ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ಕೆರೆಯುವುದು ಅದಕ್ಕೇ, ಹುಳಿ ಹಾಕಿ ಚೆನ್ನಾಗಿ ಬೇಯಿಸುವುದೂ ಅದಕ್ಕೇ.

ಇನ್ನು ತೋಕ್ ಪೂ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಗೆ ಇಡುವ ಹೂ, ಗ್ಲೋರಿಯೋಸಾ ಸುಪರ್ಬಾ. ಹೂ ಬಿಟ್ಟಾಗ ಯಾವ ಆ್ಯಪ್ ಬೇಕಾಗಿಲ್ಲ. ಹೂವಿಗೆ ಮೊದಲು ಎಲೆಯ ತುದಿ ನೋಡಿ: ಅದೇ ಉದ್ದವಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿ ಹಿಡಿದುಕೊಂಡಿರುತ್ತದೆ. ನೆಲದಡಿಯ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ, ಪ್ರಾಣಕ್ಕೇ ಅಪಾಯ. ಕಾಡುಗೆಣಸು ಅಗೆಯುವ ಹುಡುಗರಿಗೆ ಈ ಎಲೆಯ ತುದಿಯ ಫೋಟೋ ತೋರಿಸಿಡಿ.

ಅಮ್ಮನ ಹೂದೋಟಕ್ಕೆ ನಾನು ಬಳಸುವುದು ಗೂಗಲ್ ಲೆನ್ಸ್ ಮತ್ತು ಪ್ಲಾಂಟ್‌ನೆಟ್. ಐನ್ಯಾಚುರಲಿಸ್ಟ್ ಇರುವುದೇ ತಾನಾಗಿ ಬೆಳೆದದ್ದಕ್ಕೆ. ನೆಟ್ಟ ಗಿಡವನ್ನು 'ಕ್ಯಾಶುಯಲ್' ವಿಭಾಗಕ್ಕೆ ತಳ್ಳುತ್ತದೆ, ಅಲ್ಲಿ ನೋಡುವವರು ಕಡಿಮೆ. ಡೇಲಿಯಾ, ಬಿಗೋನಿಯಾ, ಆಂಥೂರಿಯಂಗೆ ಲೆನ್ಸ್ ಸಾಕು, ನರ್ಸರಿಗಳ ಫೋಟೋ ಅಂತರ್ಜಾಲದಲ್ಲಿ ರಾಶಿ ಬಿದ್ದಿದೆ. ಪ್ಲಾಂಟ್‌ನೆಟ್ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳದ್ದು. ಇದು ಎಲೆಯೋ, ಹೂವೋ, ಕಾಯಿಯೋ, ತೊಗಟೆಯೋ ಅಂತ ವಿಂಗಡಿಸಿಕೊಳ್ಳುತ್ತದೆ. ಅಮ್ಮನಿಗೆ ಹೆಸರು ಬೇಕಿಲ್ಲ, 'ಇದರ ತುಂಡು ಯಾರ ಮನೆಯಲ್ಲಿ ಸಿಗುತ್ತೆ' ಅನ್ನುವುದಷ್ಟೇ ಬೇಕು. ಅದನ್ನು ಹೇಳುವ ಆ್ಯಪ್ ಇನ್ನೂ ಬಂದಿಲ್ಲ.

ನೆಟ್‌ವರ್ಕ್ ವಿಷಯ ನಿಮಗೇ ಗೊತ್ತು. ಜೂನ್ ಬಂತೆಂದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್. ತೋಟದಲ್ಲಿ ಮಾಮೂಲಿ ಕ್ಯಾಮೆರಾದಲ್ಲೇ ಫೋಟೋ ತೆಗೆದು, ಜಿಪಿಎಸ್ ಆನ್ ಇಟ್ಟು, ಸಿಗ್ನಲ್ ಸಿಕ್ಕ ದಿನ ಹಾಕುತ್ತೇನೆ. ತಾರೀಖು, ಜಾಗ ಎರಡನ್ನೂ ಫೋಟೋದಿಂದಲೇ ತೆಗೆದುಕೊಳ್ಳುತ್ತದೆ. ಸ್ಥಳದಲ್ಲೇ ಹೆಸರು ಬೇಕೆನ್ನುವ ಮಕ್ಕಳಿಗೆ ಇದೇ ಸಂಸ್ಥೆಯ 'ಸೀಕ್' ಹಾಕಿಕೊಡಿ. ಖಾತೆ ಬೇಡ, ನೆಟ್ ಇಲ್ಲದೆಯೂ ಗುರುತಿಸುತ್ತದೆ. ಜಿಗಣೆ ಹತ್ತಿದ ಕಾಲಿಗೆ ಮಾತ್ರ ಯಾವ ಆ್ಯಪ್ ಇಲ್ಲ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಎಲೆ ಕೀಳುವ ಮಾತೇ ಇಲ್ಲ. ಫೋಟೋ ತೆಗೆದು ಕೇಳುವ ಈ ಕ್ರಮ ಅಲ್ಲಿಗೆ ಸರಿಹೊಂದುತ್ತದೆ. ಆದರೆ ಮರದ ಮೇಲಿನ ಆರ್ಕಿಡ್ ಹಾಕುವಾಗ ಎಚ್ಚರ ಇರಲಿ. ಜಾಗ ಗೊತ್ತಾದರೆ ಕೊಂಬೆ ಸಮೇತ ಕಿತ್ತುಕೊಂಡು ಹೋಗುವವರಿದ್ದಾರೆ. ಅಳಿವಿನಂಚಿನ ಪ್ರಭೇದ ಅಂತ ಪಟ್ಟಿಯಲ್ಲಿರುವ ಗಿಡದ ಜಾಗವನ್ನು ಆ್ಯಪ್ ತಾನೇ ಮಸುಕು ಮಾಡುತ್ತದೆ, ಉಳಿದವನ್ನು ನಾವು ಮಾಡಬೇಕು. ಫೋಟೋ ಹಾಕುವ ಪುಟದಲ್ಲಿ 'ಜಿಯೋಪ್ರೈವಸಿ' ಅಂತ ಇದೆ, ಅದರಲ್ಲಿ 'ಅಬ್‌ಸ್ಕ್ಯೂರ್ಡ್' ಆರಿಸಿ. ಆಗ ನಕ್ಷೆಯಲ್ಲಿ ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ಕಾಣುತ್ತದೆ, ಅಷ್ಟೇ. ಮನೆ ಅಂಗಳದಲ್ಲಿ ತೆಗೆದ ಫೋಟೋಗೂ ನಾನು ಅದನ್ನೇ ಒತ್ತುತ್ತೇನೆ.