ಆಲ್‌ಸ್ಟಾರ್ ಮತಪತ್ರ: ಎರಡನೇ ಸುತ್ತಿಗೆ ಪೂರ್ಣ ಅಂಕ, ಮೊದಲ ಸುತ್ತಿಗೆ ಅರ್ಧ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಪ್ರತಿ ಜೂನ್‌ನಲ್ಲಿ ತನ್ನ ಜಾಲತಾಣ ಮತ್ತು ಆ್ಯಪ್‌ನಲ್ಲಿ ತೆರೆಯುವ ಆಲ್‌ಸ್ಟಾರ್ ಮತಪತ್ರವನ್ನು ಅಭಿಮಾನಿಗಳಿಗೆ ಒದಗಿಸುವ ಒಂದು ಸೇವೆಯೆಂದೇ ಪರಿಗಣಿಸಿ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್‌ಗಳ ಆಯ್ದ ಆಟಗಾರರ ನಡುವೆ ಜುಲೈ ಮಧ್ಯದಲ್ಲಿ ನಡೆಯುವ ಆಲ್‌ಸ್ಟಾರ್ ಪಂದ್ಯದಲ್ಲಿ ಆರಂಭದಿಂದಲೇ ಆಡುವವರನ್ನು ಆರಿಸುವ ಹಕ್ಕು ಅಭಿಮಾನಿಗಳದು. ಪಿಚರ್‌ಗಳು (ಚೆಂಡು ಎಸೆಯುವವರು) ಮತ್ತು ಬದಲಿ ಆಟಗಾರರ ಆಯ್ಕೆ ಮಾತ್ರ ಸಹ ಆಟಗಾರರ ಮತಕ್ಕೂ ಲೀಗ್‌ನ ಮುಖ್ಯಸ್ಥರಾದ ಕಮಿಷನರ್ ಅವರ ಕಚೇರಿಗೂ ಬಿಟ್ಟದ್ದು.

ಬಳಕೆಯ ಮಟ್ಟಿಗೆ ತಕರಾರಿಲ್ಲ. ಪ್ರತಿ ಲೀಗ್‌ನ 15 ತಂಡಗಳೂ ಪ್ರತಿ ಸ್ಥಾನಕ್ಕೆ ಒಬ್ಬೊಬ್ಬರಂತೆ, ಔಟ್‌ಫೀಲ್ಡ್‌ಗೆ (ಮೈದಾನದ ಹೊರಭಾಗಕ್ಕೆ) ಮೂವರಂತೆ ಹೆಸರು ಕೊಟ್ಟಿರುತ್ತವೆ. ಹೀಗಾಗಿ ಪಿಚರ್ ಎಸೆದ ಚೆಂಡನ್ನು ಹಿಡಿಯುವ ಕ್ಯಾಚರ್‌ನ ಪಟ್ಟಿಯಲ್ಲಿ 15 ಹೆಸರುಗಳಿದ್ದರೆ ಔಟ್‌ಫೀಲ್ಡ್‌ನಲ್ಲಿ 45 ಹೆಸರುಗಳಿರುತ್ತವೆ. ಒಂದೇ ತಂಡದಲ್ಲಿ ಒಂದೇ ಸ್ಥಾನಕ್ಕೆ ಯೋಗ್ಯರಾದ ಇಬ್ಬರಿದ್ದರೆ ಒಬ್ಬರು ಪಟ್ಟಿಗೇ ಬರಲಾರರು ಎಂಬುದು ಈ ಏರ್ಪಾಡಿನ ಸಣ್ಣ ಕೊರತೆ.

ಮತದಾನ ಎರಡು ಸುತ್ತುಗಳಲ್ಲಿ ನಡೆಯುತ್ತದೆ. ದೊಡ್ಡ ಕೊರತೆ ಇರುವುದು ಮೊದಲ ಸುತ್ತಿನ ನಿಯಮದಲ್ಲಿ. ಆ ಸುತ್ತಿನಲ್ಲಿ ಒಬ್ಬ ವ್ಯಕ್ತಿ 24 ಗಂಟೆಗೆ ಐದು ಮತಪತ್ರ ಸಲ್ಲಿಸಬಹುದು. ಇದರಿಂದ ಆಟವನ್ನು ಅಳೆದು ತೂಗಿ ಒಮ್ಮೆ ಮತ ಹಾಕುವವರಿಗಿಂತ, ತಮ್ಮ ತಂಡದ ಹೆಸರುಗಳನ್ನೇ ದಿನವೂ ಒತ್ತುತ್ತ ಹೋಗುವವರ ಕೈ ಮೇಲಾಗುತ್ತದೆ. 2022ರಿಂದ ಈ ಸುತ್ತಿನಲ್ಲಿ ಪ್ರತಿ ಲೀಗ್‌ನಲ್ಲಿ ಅತಿ ಹೆಚ್ಚು ಮತ ಪಡೆದ ಒಬ್ಬರಿಗೆ ಎರಡನೇ ಸುತ್ತಿಲ್ಲದೆ ಆರಂಭಿಕರ ಸಾಲಿಗೆ ನೇರ ಪ್ರವೇಶವೂ ದೊರೆಯುತ್ತಿದೆ. 2025ರಲ್ಲಿ ಹಾಗೆ ಬಂದ ಆರನ್ ಜಡ್ಜ್ ಮತ್ತು ಶೋಹೇ ಒಟಾನಿ ಇಬ್ಬರೂ ಆ ಗೌರವಕ್ಕೆ ತಕ್ಕವರೇ ಆಗಿದ್ದರು, ಆದರೆ ಆ ಹೊಂದಿಕೆಯನ್ನು ನಿಯಮ ಖಾತ್ರಿಪಡಿಸುವುದಿಲ್ಲ.

ಎರಡನೇ ಸುತ್ತನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಪ್ರತಿ ಸ್ಥಾನಕ್ಕೆ ಇಬ್ಬರೇ ಉಳಿಯುತ್ತಾರೆ, ಮೊದಲ ಸುತ್ತಿನ ಮತಗಳು ಲೆಕ್ಕಕ್ಕೆ ಬರುವುದಿಲ್ಲ, ದಿನಕ್ಕೆ ಒಂದೇ ಮತ. ಇಲ್ಲಿ ಅಭಿಮಾನಿ ನಿಜವಾಗಿಯೂ ತೀರ್ಪು ಕೊಡಬೇಕಾಗುತ್ತದೆ. 2023ರ ಅಮೆರಿಕನ್ ಲೀಗ್‌ನ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಕಾಯುವ ಆಟಗಾರ) ಸ್ಪರ್ಧೆಯನ್ನೇ ನೋಡಬಹುದು. ಒಂದೆಡೆ ಟೊರಾಂಟೊದ ಬೋ ಬಿಷೆಟ್, ಋತುವಿನ ಆರಂಭದಿಂದ ಬಿಡುವಿಲ್ಲದೆ ಆಡಿ ಹಿಟ್‌ಗಳನ್ನು ಪೇರಿಸಿದವನು. ಇನ್ನೊಂದೆಡೆ ಟೆಕ್ಸಸ್‌ನ ಕೋರಿ ಸೀಗರ್, ತೊಡೆಯ ಸ್ನಾಯು ನೋವಿನಿಂದ ಏಪ್ರಿಲ್, ಮೇ ತಿಂಗಳಲ್ಲಿ ಸುಮಾರು ಐದು ವಾರ ಹೊರಗುಳಿದು, ಮರಳಿದ ಮೇಲೆ ಕಡಿಮೆ ಪಂದ್ಯಗಳಲ್ಲೇ ಬಿಷೆಟ್‌ನನ್ನೂ ಮೀರಿಸುವ ಹೊಡೆತ ತೋರಿಸಿದವನು. ಸತತವಾಗಿ ಆಡಿದ್ದಕ್ಕೆ ಬೆಲೆ ಕೊಡಬೇಕೋ, ಆಡಿದಷ್ಟರಲ್ಲಿ ತೋರಿದ ಹಿರಿಮೆಗೆ ಕೊಡಬೇಕೋ ಎಂಬುದು ಬೇಸ್‌ಬಾಲ್ ಬಲ್ಲವರೂ ಒಮ್ಮತಕ್ಕೆ ಬಾರದ ಪ್ರಶ್ನೆ. ಅಭಿಮಾನಿಗಳು ಸೀಗರ್‌ನನ್ನು ಆರಿಸಿದರು. ಆತ ಆ ವರ್ಷದ ಎಂವಿಪಿ (ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಒಟಾನಿಯ ನಂತರದ ಎರಡನೇ ಸ್ಥಾನ ಪಡೆದನು. ಅದೇ ವರ್ಷ ಟೆಕ್ಸಸ್‌ನ ನಾಲ್ವರು ಮತದಿಂದ ಗೆದ್ದಾಗ ಪಕ್ಷಪಾತದ ಗೊಣಗಾಟ ಕೇಳಿಬಂದಿತ್ತು, ಆದರೆ ಆ ತಂಡ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನೇ ಗೆದ್ದಿತು.

ಈ ಸುತ್ತಿಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ 2015 ಸಾಕ್ಷಿ. ಒಂದು ಇಮೇಲ್ ವಿಳಾಸಕ್ಕೆ 35 ಮತಗಳವರೆಗೆ ಅವಕಾಶವಿದ್ದ ಆ ವರ್ಷ ಒಂದು ಹಂತದಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್‌ನ ಎಂಟು ಮಂದಿ ಮುಂದಿದ್ದರು. ಬ್ಯಾಟಿಂಗ್‌ನಲ್ಲಿ ತೀರಾ ಹಿಂದುಳಿದಿದ್ದ ಸೆಕೆಂಡ್ ಬೇಸ್ ಆಟಗಾರ ಒಮರ್ ಇನ್‌ಫಾಂಟೆ ಕೂಡ ಅವರಲ್ಲಿದ್ದನು. ಲೀಗ್ ಸುಮಾರು 6ರಿಂದ 6.5 ಕೋಟಿ ಮತಗಳನ್ನು ರದ್ದುಪಡಿಸಿತು, ಕೊನೆಗೆ ಸೆಕೆಂಡ್ ಬೇಸ್ ಸ್ಥಾನ ಹೋಸೆ ಅಲ್ಟುವೆಗೆ ಸಂದಿತು. ಇದಕ್ಕೂ ಮುಂಚೆ 1957ರಲ್ಲಿ ಸಿನ್ಸಿನಾಟಿಯ ಪತ್ರಿಕೆಯೊಂದು ತಂಡದವರ ಹೆಸರುಗಳನ್ನು ತುಂಬಿಸಿಯೇ ಮತಪತ್ರ ಮುದ್ರಿಸಿತ್ತು, ಏಳು ಮಂದಿ ರೆಡ್ಸ್ ಆಟಗಾರರು ಗೆದ್ದಿದ್ದರು. ಕಮಿಷನರ್ ಫೋರ್ಡ್ ಫ್ರಿಕ್ ಇಬ್ಬರನ್ನು ಆರಂಭಿಕರ ಸ್ಥಾನದಿಂದ ತೆಗೆದು ಹ್ಯಾಂಕ್ ಆರನ್ ಮತ್ತು ವಿಲ್ಲಿ ಮೇಸ್ ಅವರನ್ನು ಸೇರಿಸಿದ್ದಲ್ಲದೆ, ಅಭಿಮಾನಿಗಳ ಮತಾಧಿಕಾರವನ್ನೇ ಕಿತ್ತುಕೊಂಡರು. ಅದು ಮರಳಿದ್ದು 1970ರಲ್ಲಿ.

ಹಾಗೆಂದು ಅಂಕಿಅಂಶಗಳೇ ಎಲ್ಲವನ್ನೂ ತೀರ್ಮಾನಿಸಲಿ ಎಂದು ನಾನು ಹೇಳಲಾರೆ. 2001ರಲ್ಲಿ ನಿವೃತ್ತಿ ಘೋಷಿಸಿದ್ದ ಕ್ಯಾಲ್ ರಿಪ್ಕಿನ್ ಅವರ ಬ್ಯಾಟಿಂಗ್ ಸಾಧಾರಣವಾಗಿತ್ತು; ಆದರೂ ಅಭಿಮಾನಿಗಳು ಅವರನ್ನು ಥರ್ಡ್ ಬೇಸ್‌ಗೆ ಆರಿಸಿದರು. ಸಿಯಾಟಲ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಅಲೆಕ್ಸ್ ರೊಡ್ರಿಗಸ್ ತನ್ನ ಶಾರ್ಟ್‌ಸ್ಟಾಪ್ ಸ್ಥಾನವನ್ನು, ಅಲ್ಲಿ ಬಹುಕಾಲ ಆಡಿದ್ದ ರಿಪ್ಕಿನ್ ಅವರಿಗೆ ಬಿಟ್ಟುಕೊಟ್ಟನು, ರಿಪ್ಕಿನ್ ಹೋಮ್ ರನ್ ಹೊಡೆದು ಪಂದ್ಯದ ಎಂವಿಪಿಯೂ ಆದರು. ದೀರ್ಘ ಬಾಳ್ವೆಯ ಆಟಗಾರನಿಗೆ ಸಲ್ಲಿಸುವ ಇಂಥ ಗೌರವ ನ್ಯಾಯವಾದದ್ದು. ಇನ್‌ಫಾಂಟೆಯ ಮುನ್ನಡೆಗೆ ಆ ಸಮರ್ಥನೆ ಇರಲಿಲ್ಲ.

ಮೊದಲ ಸುತ್ತಿನಲ್ಲೂ ದಿನಕ್ಕೆ ಒಂದೇ ಮತವಿರುವುದು ಒಳ್ಳೆಯದು. ಅಲ್ಲಿಯವರೆಗೆ ಬಳಕೆದಾರರಿಗೆ ನನ್ನ ಸಲಹೆ ಇಷ್ಟೆ: 162 ಪಂದ್ಯಗಳ ಋತುವಿನಲ್ಲಿ ಜೂನ್ ಆರಂಭದ ಅಂಕಿಗಳು ಇನ್ನೂ ಅಲುಗಾಡುತ್ತಿರುತ್ತವೆ, ಆದ್ದರಿಂದ ಸುತ್ತಿನ ಕೊನೆಯ ವಾರದವರೆಗೆ ಕಾದು, ಹಿಂದಿನ ಋತುವಿನ ಆಟವನ್ನೂ ಪಕ್ಕದಲ್ಲಿಟ್ಟುಕೊಂಡು ಮತ ಹಾಕಿ, ಎರಡನೇ ಸುತ್ತನ್ನಂತೂ ತಪ್ಪಿಸಬೇಡಿ.